ಗೆಲ್ಲುವವರ ಮೇಲಿನ ಮುನಿಸು: ಡ್ರಮ್ ಕೋರ್ ಅಭಿಮಾನದ ಅರ್ಧ ಶತಮಾನ

ಅಮೆರಿಕದ ಡ್ರಮ್ ಕೋರ್ ಸ್ಪರ್ಧೆಯಲ್ಲಿ 1972ರಿಂದ 2025ರವರೆಗೆ ಅಗ್ರಸ್ಥಾನ ಕಂಡಿರುವ ತಂಡಗಳು ಕೇವಲ 11. ಅವುಗಳ ಪೈಕಿ ಕ್ಯಾಲಿಫೋರ್ನಿಯದ ಕಾಂಕರ್ಡ್ ನಗರದ ಬ್ಲೂ ಡೆವಿಲ್ಸ್ ತಂಡವೊಂದೇ 21 ಬಾರಿ ಗೆದ್ದಿದೆ. ಇಷ್ಟು ಗೆದ್ದ ತಂಡಕ್ಕೆ ಗೌರವವೇನೋ ಧಾರಾಳವಾಗಿ ಸಿಕ್ಕಿದೆ, ಆದರೆ ಅದೇ ಪ್ರಮಾಣದ ಪ್ರೀತಿ ಸಿಕ್ಕಿಲ್ಲ. ಇದು ಯಾವುದೇ ಆಟದಲ್ಲೂ ಕಾಣುವ ಸಂಗತಿಯಲ್ಲವೇ ಎಂದು ಕೇಳಬಹುದು. ಹೌದು, ಆದರೆ ಡ್ರಮ್ ಕೋರ್‌ನಲ್ಲಿ ಈ ಮುನಿಸಿಗೆ ಬೇರೆಯದೇ ಆದ ಬೇರುಗಳಿವೆ. ಯಾವ ತಂಡವನ್ನು ಅಭಿಮಾನಿಗಳು ‘ಬಡಪಾಯಿ ತಂಡ’ವೆಂದು ಎದೆಗಪ್ಪಿಕೊಳ್ಳುತ್ತಾರೆ, ಯಾವುದನ್ನು ದೂರವಿಡುತ್ತಾರೆ ಎಂಬುದು ಆ ತಂಡದ ನಿಜವಾದ ಬಲಾಬಲದ ಮೇಲೆ ನಿಂತಿಲ್ಲ, ಅದು ಎಷ್ಟು ವರ್ಷ ಕಾದಿದೆ ಎಂಬ ನೆನಪಿನ ಮೇಲೆ ನಿಂತಿದೆ.

ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರ. ತುತ್ತೂರಿಯ ಬಳಗಕ್ಕೆ ಸೇರಿದ ಹಿತ್ತಾಳೆಯ ವಾದ್ಯಗಳು, ಡ್ರಮ್ಮುಗಳು ಮತ್ತು ಧ್ವಜ ಬೀಸುವ ಕಲರ್ ಗಾರ್ಡ್, ಇವಿಷ್ಟು ಸೇರಿ ಒಂದು ಕೋರ್. ಸದಸ್ಯರ ವಯಸ್ಸಿಗೆ ಮಿತಿಯಿದೆ, ಇಪ್ಪತ್ತೆರಡು ತುಂಬುವ ಹೊತ್ತಿಗೆ ಎಲ್ಲರೂ ತಂಡ ಬಿಡಲೇಬೇಕು. ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತುತ್ತ, ಶಾಲೆಗಳ ಜಿಮ್‌ಗಳಲ್ಲಿ ನೆಲದ ಮೇಲೆ ಮಲಗುತ್ತ, ಹನ್ನೆರಡು ನಿಮಿಷ ಮೀರದ ಒಂದೇ ಪ್ರದರ್ಶನವನ್ನು ಫುಟ್‌ಬಾಲ್ ಮೈದಾನಗಳಲ್ಲಿ ಮತ್ತೆ ಮತ್ತೆ ತಿದ್ದಿ ತೀಡುತ್ತ ಹೋಗುವುದು ಇವರ ಕೆಲಸ. ಆಗಸ್ಟ್‌ನಲ್ಲಿ ಚಾಂಪಿಯನ್‌ಶಿಪ್ ನಡೆಯುತ್ತದೆ, ಕೊನೆಯ ರಾತ್ರಿಗೆ 12 ತಂಡಗಳು ಮಾತ್ರ ಉಳಿಯುತ್ತವೆ. ಅಂಕಗಳು ಒಟ್ಟು 100: ಒಟ್ಟಾರೆ ಪರಿಣಾಮಕ್ಕೆ 40, ದೃಶ್ಯಕ್ಕೆ 30, ಸಂಗೀತಕ್ಕೆ 30.

ಇಲ್ಲಿ ಎದುರಾಳಿ ಮೈದಾನಕ್ಕೆ ಇಳಿಯುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಬಲಿಷ್ಠ ತಂಡದ ಚೆಂಡನ್ನು ದುರ್ಬಲ ತಂಡ ತಡೆಯುವ, ಅದೃಷ್ಟ ಒಲಿದು ಕೊನೆಯ ಕ್ಷಣದಲ್ಲಿ ಗೋಲು ಹೊಡೆಯುವ ಸಾಧ್ಯತೆ ಇಲ್ಲಿಲ್ಲ. ಪ್ರತಿ ತಂಡವೂ ತನ್ನ ಪಾಡಿಗೆ ತಾನು ನುಡಿಸಿ ಹೊರನಡೆಯುತ್ತದೆ, ಉಳಿದದ್ದು ತೀರ್ಪುಗಾರರ ಹಾಳೆಗೆ ಬಿಟ್ಟದ್ದು. ಹಾಗಾಗಿ ಸದಾ ಗೆಲ್ಲುವ ತಂಡದ ಮೇಲಿನ ಅಸಮಾಧಾನವೂ ಸದಾ ಸೋಲುವ ತಂಡದ ಮೇಲಿನ ಕನಿಕರವೂ ಕೊನೆಗೆ ಬಂದು ಮುಟ್ಟುವುದು ಆ ಹಾಳೆಯನ್ನೇ. ತೀರ್ಪುಗಾರರು ಹೆಸರು ನೋಡಿಯೇ ಸ್ಥಾನ ಹಂಚಿಬಿಡುತ್ತಾರೆ ಎಂಬ ಹಳೆಯ ದೂರು ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಕೇಳಿಬರುತ್ತದೆ.

ಈ ಸ್ಪರ್ಧೆಗಳನ್ನು ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಹುಟ್ಟೇ ದೊಡ್ಡವರ ವಿರುದ್ಧದ ಬಂಡಾಯ. ಅದಕ್ಕೆ ಮೊದಲು ಅಮೆರಿಕನ್ ಲೀಜನ್ ಮತ್ತು ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಮಾಜಿ ಸೈನಿಕರ ಸಂಘಟನೆಗಳು ಸ್ಪರ್ಧೆ ನಡೆಸುತ್ತಿದ್ದವು, ನಿಯಮಗಳನ್ನೂ ಬಹುಮಾನದ ಹಣವನ್ನೂ ಅವೇ ತೀರ್ಮಾನಿಸುತ್ತಿದ್ದವು. ತಮ್ಮ ಕಲೆಯ ಬಗ್ಗೆ ತಮಗೇ ಮಾತಿಲ್ಲವೆಂದು ಬೇಸತ್ತ ತಂಡಗಳು 1971ರಲ್ಲಿ ಒಗ್ಗೂಡಿ ತಮ್ಮದೇ ಸಂಸ್ಥೆ ಕಟ್ಟಿದವು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆದು ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು. ಆ ತಂಡ ಮತ್ತೆಂದೂ ಗೆಲ್ಲಲಿಲ್ಲ. ಸಾಮಾನ್ಯರು ಕಟ್ಟಿದ ಈ ಹೊಸ ವ್ಯವಸ್ಥೆಯಲ್ಲೂ ಬಹುಬೇಗ ಉಳ್ಳವರ ಒಂದು ಸಾಲು ಹುಟ್ಟಿಕೊಂಡಿತು: 1990ರವರೆಗಿನ 19 ಪ್ರಶಸ್ತಿಗಳನ್ನು ಐದೇ ತಂಡಗಳು ಹಂಚಿಕೊಂಡವು.

ಗೆಲ್ಲದವರ ಪುರಾಣ ಬೆಳೆದದ್ದು ಇದೇ ಅವಧಿಯಲ್ಲಿ. ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನ ಫ್ಯಾಂಟಮ್ ರೆಜಿಮೆಂಟ್ 1977, 1978 ಮತ್ತು 1979ರಲ್ಲಿ ಸತತವಾಗಿ ಎರಡನೆಯ ಸ್ಥಾನಕ್ಕೆ ನಿಂತಿತು. ಬಾಸ್ಟನ್ ಬಳಿಯ ರಿವಿಯರ್ ಪಟ್ಟಣದ ಟ್ವೆಂಟಿ ಸೆವೆಂತ್ ಲ್ಯಾನ್ಸರ್ಸ್ 1980ರಲ್ಲಿ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ನೀಡಿತು, ಅದೇ ವರ್ಷ ಚಾಂಪಿಯನ್‌ಶಿಪ್‌ನಲ್ಲಿ ಬ್ಲೂ ಡೆವಿಲ್ಸ್ ನಂತರ ಎರಡನೆಯದಾಯಿತು, 1986ರ ಬಳಿಕ ಬಾಗಿಲು ಮುಚ್ಚಿತು. ಒಂದು ಬಾರಿಯೂ ಗೆಲ್ಲದ ಈ ತಂಡವನ್ನು ಹಳೆಯ ಅಭಿಮಾನಿಗಳು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಹಲವು ಬಾರಿ ಗೆದ್ದವರ ಬಗ್ಗೆಯೂ ಅವರು ಮಾತಾಡುತ್ತಾರೆ, ಆದರೆ ಆ ಮಾತಿನಲ್ಲಿ ಅಂಕಿಗಳೇ ಹೆಚ್ಚು.

ಆಗ ತೀರ್ಪು ಕೊಡುತ್ತಿದ್ದ ರೀತಿಗೂ ಇದರಲ್ಲಿ ಪಾತ್ರವಿತ್ತು. ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದ ತೀರ್ಪುಗಾರರು ಸಾಲುಗಳ ನಡುವೆಯೇ ನಡೆಯುತ್ತ, ಯಾರದೋ ಕೋಲು ಅರೆಕ್ಷಣ ತಡವಾಗಿ ಬಿದ್ದರೆ, ಯಾರದೋ ಹೆಜ್ಜೆ ತಪ್ಪಿದರೆ ಒಂದು ಗೀಟು ಹಾಕುತ್ತಿದ್ದರು. ಒಂದು ಗೀಟಿಗೆ 0.1 ಅಂಕ ಕಡಿತ. ಇದನ್ನು ‘ಟಿಕ್’ ಪದ್ಧತಿ ಎನ್ನುತ್ತಿದ್ದರು. ತಪ್ಪು ಮಾಡದಿರುವುದೇ ಗೆಲುವಿನ ದಾರಿಯಾದಾಗ, ಅಪಾಯ ಮೈಮೇಲೆ ಎಳೆದುಕೊಂಡು ಎಡವಿದ ತಂಡದ ಕಡೆಗೆ ಪ್ರೇಕ್ಷಕರ ಮನಸ್ಸು ವಾಲುವುದು ಸಹಜ. 1983ರಲ್ಲಿ ನ್ಯೂಜೆರ್ಸಿಯ ಗಾರ್ಫೀಲ್ಡ್ ಕೆಡೆಟ್ಸ್, ಜಾರ್ಜ್ ಜಿಂಗಾಲಿ ರೂಪಿಸಿದ ಸಮಮಿತಿ ಮುರಿದ, ಮೈದಾನದಲ್ಲಿ ನೀರಿನಂತೆ ಹರಿಯುವ ವಿನ್ಯಾಸಗಳೊಂದಿಗೆ ಬಂದು ಗೆದ್ದಿತು. ಪೂರ್ವ ಕರಾವಳಿಯ ತಂಡವೊಂದಕ್ಕೆ ಅದೇ ಮೊದಲ ಪ್ರಶಸ್ತಿ. 1984ರಲ್ಲಿ ಟಿಕ್ ಪದ್ಧತಿಯೂ ಹೋಯಿತು, ತಪ್ಪು ಎಣಿಸುವ ಬದಲು ಸಾಧನೆಯನ್ನು ಅಳೆಯುವ ಕ್ರಮ ಬಂತು. ಅಷ್ಟರಲ್ಲಿ ಕೆಡೆಟ್ಸ್ 1984, 1985ರಲ್ಲೂ ಗೆದ್ದು ಸತತ ಮೂರು ಗೆಲುವು ಕಂಡ ಮೊದಲ ತಂಡವಾಯಿತು. ನಿನ್ನೆಯ ಬಂಡಾಯಗಾರರು ಮೂರೇ ವರ್ಷದಲ್ಲಿ ಇಂದಿನ ದೊರೆಗಳಾದರು.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಸ್ಟಾರ್ ಆಫ್ ಇಂಡಿಯಾನಾ ತಂಡದ ಕಥೆ. ವೈದ್ಯಕೀಯ ಉಪಕರಣಗಳ ಉದ್ಯಮಿ ಬಿಲ್ ಕುಕ್ ಅವರ ಹಣದ ಬಲದಿಂದ ಹುಟ್ಟಿದ ಈ ತಂಡ 1985ರಲ್ಲಿ, ತನ್ನ ಮೊದಲ ಬೇಸಿಗೆಯಲ್ಲೇ, ಕೊನೆಯ ಹನ್ನೆರಡರಲ್ಲಿ ಸ್ಥಾನ ಪಡೆಯಿತು, 1991ರಲ್ಲಿ ಗೆದ್ದೂ ಬಿಟ್ಟಿತು. ಪರಂಪರೆಯಿಲ್ಲದ ಹೊಸಬರು ಹಳೆಯ ಮನೆತನಗಳನ್ನು ಸೋಲಿಸಿದ್ದು ಲೆಕ್ಕದ ಪ್ರಕಾರ ಅಭಿಮಾನಿಗಳು ಮೆಚ್ಚಬೇಕಾದ ಕಥೆಯೇ. ಆದರೆ ಆದದ್ದು ಬೇರೆ: ಹಣ ಕೊಟ್ಟು ಕೊಂಡ ಗೆಲುವು ಎಂಬ ಮಾತು ಬೆನ್ನು ಬಿಡಲಿಲ್ಲ. 1993ರಲ್ಲಿ ಬಾರ್ಬರ್ ಮತ್ತು ಬಾರ್ಟೋಕ್ ಎಂಬ ಸಂಗೀತ ರಚನಕಾರರ ಕೃತಿಗಳನ್ನಾಧರಿಸಿ ಅವರು ಮಾಡಿದ ಬಿಗುವಾದ, ಚಪ್ಪಾಳೆಗೆ ಎಡೆಯೇ ಕೊಡದ ಪ್ರದರ್ಶನಕ್ಕೆ ಪ್ರೇಕ್ಷಕರಲ್ಲಿ ಒಂದು ವರ್ಗ ಗೇಲಿಯ ಕೂಗು ಹಾಕಿತು. ಕೆಡೆಟ್ಸ್ ಎದುರು 0.1 ಅಂಕದಿಂದ ಸೋತ ಸ್ಟಾರ್, ಆ ವರ್ಷವೇ ಸ್ಪರ್ಧೆಗೆ ಬೆನ್ನು ತಿರುಗಿಸಿ ರಂಗಪ್ರದರ್ಶನಗಳತ್ತ ಹೋಯಿತು. ಇಂದು ಅದೇ ಪ್ರದರ್ಶನವನ್ನು ಈ ಕಲೆಯ ದಿಕ್ಕು ಬದಲಿಸಿದ ಕೃತಿಯೆಂದು ಕೊಂಡಾಡುತ್ತಾರೆ.

ಸ್ಟಾರ್‌ಗೆ ಸಿಗದ ಕನಿಕರಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ವಿವರಣೆಯಿದೆ. ಜೋಸೆಫ್ ವ್ಯಾಂಡೆಲ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಲುವುದು ಖಚಿತವೆನಿಸಿದ ತಂಡದ ಪರ ಜನ ನಿಲ್ಲುತ್ತಾರೆಂಬುದು ಕಂಡುಬಂತು, ಆದರೆ ಆ ತಂಡದ ಬಳಿಯೇ ಹೆಚ್ಚು ಹಣವಿದೆಯೆಂದು ತಿಳಿದೊಡನೆ ಒಲವು ಸರಿದುಹೋಯಿತು. ಅದಕ್ಕೂ ಮೊದಲು, 1991ರಲ್ಲಿ, ಫ್ರೇಜಿಯರ್ ಮತ್ತು ಸ್ನೈಡರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮುಂದೆ ಏಳು ಪಂದ್ಯಗಳ ಕಾಲ್ಪನಿಕ ಸರಣಿಯೊಂದನ್ನು ಇಟ್ಟಿದ್ದರು. ಹತ್ತರಲ್ಲಿ ಎಂಟು ಮಂದಿ ದುರ್ಬಲ ತಂಡವನ್ನೇ ಆರಿಸಿಕೊಂಡರು. ಆ ತಂಡ ಮೊದಲ ಮೂರು ಪಂದ್ಯ ಗೆದ್ದಿದೆ ಎಂದು ಹೇಳಿದಾಗ ಅವರಲ್ಲಿ ಅರ್ಧದಷ್ಟು ಜನ ಪಕ್ಷ ಬದಲಿಸಿ, ಹಿಂದೆ ಬಿದ್ದ ಬಲಿಷ್ಠ ತಂಡದ ಕಡೆ ಬಂದರು. ಈ ಪ್ರೀತಿ ತಂಡದ ಮೇಲಿನದಲ್ಲ, ಅದು ನಿಂತ ಜಾಗದ ಮೇಲಿನದು ಎಂದಾಯಿತು.

ಹಾಗಾದರೆ ಬ್ಲೂ ಡೆವಿಲ್ಸ್ ಗೆಲ್ಲುತ್ತಲೇ ಇರುವುದಕ್ಕೆ ಹಣವೊಂದೇ ಕಾರಣವೇ? ಹಣವೂ ಇದೆ. ಇಲ್ಲಿನ ಹಲವು ತಂಡಗಳಂತೆ ಇವರೂ ದಶಕಗಳ ಕಾಲ ತಂಬೋಲದಂಥ ಬಿಂಗೋ ಆಟ ನಡೆಸಿ ಖರ್ಚು ತೂಗಿಸಿದವರು. ಆದರೆ ಹಣಕ್ಕಿಂತ ಮುಖ್ಯವಾದದ್ದು ಸ್ಥಿರತೆ. ಹಿತ್ತಾಳೆ ವಾದ್ಯಗಳ ಸಂಗೀತ ಹೊಂದಿಸುತ್ತಿದ್ದ ವೇಯ್ನ್ ಡೌನಿಯವರಂಥವರು ದಶಕಗಟ್ಟಲೆ ಅದೇ ತಂಡದಲ್ಲಿ ಉಳಿದರು, ಕಿರಿಯರಿಗಾಗಿ ‘ಬಿ’ ಮತ್ತು ‘ಸಿ’ ತಂಡಗಳನ್ನು ಕಟ್ಟಿ ಅಲ್ಲಿಂದಲೇ ಮುಂದಿನವರನ್ನು ತಯಾರು ಮಾಡಿದರು. ಇನ್ನೊಂದು ಕಾರಣ ವ್ಯವಸ್ಥೆಯಲ್ಲೇ ಇದೆ. ಸದಸ್ಯರಿಗೆ ಸಂಬಳವಿಲ್ಲ, ಅವರೇ ಸಾವಿರಾರು ಡಾಲರ್ ಶುಲ್ಕ ಕಟ್ಟಿ ಸೇರುತ್ತಾರೆ, ತಮಗೆ ಇಷ್ಟ ಬಂದ ತಂಡದ ಆಯ್ಕೆ ಪರೀಕ್ಷೆಗೆ ಹೋಗುತ್ತಾರೆ. ಸಣ್ಣ ತಂಡವೊಂದು ಎರಡು ವರ್ಷ ಕಲಿಸಿ ಪಳಗಿಸಿದ ಹುಡುಗ, ವಯೋಮಿತಿ ಮುಗಿಯುವ ಮುನ್ನ ಒಮ್ಮೆಯಾದರೂ ಗೆದ್ದವರ ಉಂಗುರ ತೊಡಬೇಕೆಂದು ದೊಡ್ಡ ತಂಡಕ್ಕೆ ಹೊರಡುತ್ತಾನೆ. ‘ಉಂಗುರದ ಬೆನ್ನು ಹತ್ತಿದವರು’ ಎಂದು ಇವರನ್ನು ಹಳಬರು ಮೂದಲಿಸುತ್ತಾರೆ. ನನಗೆ ಈ ಮೂದಲಿಕೆ ಅನ್ಯಾಯವೆನಿಸುತ್ತದೆ. ತನ್ನ ದುಡ್ಡು ಕೊಟ್ಟು, ಮೈ ಸುಡುವ ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡುವ ಇಪ್ಪತ್ತರ ಹರೆಯದವನಿಗೆ ಯಾವ ತಂಡದ ನಿಷ್ಠೆಯನ್ನು ಹೊರಿಸುವ ಹಕ್ಕು ಗ್ಯಾಲರಿಯಲ್ಲಿ ಕೂತವರಿಗಿದೆ? ಗೆಲುವು ಪ್ರತಿಭೆಯನ್ನು ಸೆಳೆಯುತ್ತದೆ, ಪ್ರತಿಭೆ ಮತ್ತೆ ಗೆಲುವನ್ನು ತರುತ್ತದೆ ಎಂಬುದು ಮಾತ್ರ ನಿಜ.

ಈ ಚಕ್ರ ಒಮ್ಮೆ ಮುರಿದ ರಾತ್ರಿಯ ಬಗ್ಗೆ ಇಂದಿಗೂ ಮಾತು ನಿಂತಿಲ್ಲ. 2008ರ ಚಾಂಪಿಯನ್‌ಶಿಪ್ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಬೇಕಿತ್ತು, ಹೊಸ ಕ್ರೀಡಾಂಗಣದ ಕೆಲಸ ಮುಗಿಯದ ಕಾರಣ ಬ್ಲೂಮಿಂಗ್‌ಟನ್‌ನ ವಿಶ್ವವಿದ್ಯಾಲಯದ ಮೈದಾನಕ್ಕೆ ಬಂತು. ಫ್ಯಾಂಟಮ್ ರೆಜಿಮೆಂಟ್ ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್‌ನ ಕಥೆಯನ್ನು ಎತ್ತಿಕೊಂಡಿತ್ತು. ಪ್ರದರ್ಶನದ ಕೊನೆಯ ಭಾಗದಲ್ಲಿ ಸದಸ್ಯರು ‘ನಾನೇ ಸ್ಪಾರ್ಟಕಸ್’ ಎಂದು ಕೂಗುತ್ತಿದ್ದರು. ಮೂವತ್ತು ವರ್ಷ ಹಿಂದೆ ಮೂರು ಬಾರಿ ಎರಡನೆಯದಾಗಿದ್ದ, 1996ರಲ್ಲಿ ಗೆದ್ದಾಗಲೂ ಬ್ಲೂ ಡೆವಿಲ್ಸ್ ಜೊತೆ ಪ್ರಶಸ್ತಿ ಹಂಚಿಕೊಳ್ಳಬೇಕಾಗಿ ಬಂದಿದ್ದ ತಂಡ ದಂಗೆಯ ಕಥೆ ಹೇಳುತ್ತಿದ್ದಾಗ, ಗ್ಯಾಲರಿಗಳಿಗೆ ಇದರಾಚೆಗಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ, ಆದ್ದರಿಂದ ಎರಡನೆಯ ಸ್ಥಾನದ ಹೆಸರು ಬಂದ ಕ್ಷಣವೇ ಎಲ್ಲ ತಿಳಿಯುತ್ತದೆ. ಬ್ಲೂ ಡೆವಿಲ್ಸ್ 98.100, ಫ್ಯಾಂಟಮ್ 98.125. ಇಷ್ಟು ಸಣ್ಣ ಅಂತರದಲ್ಲಿ ಯಾರು ಉತ್ತಮರೆಂದು ಸಾಧಿಸಲು ಯಾರಿಂದಲೂ ಆಗದು. ಆದರೂ ಸದಾ ತೀರ್ಪುಗಾರರನ್ನು ಅನುಮಾನಿಸುವ ಅದೇ ಜನ ಆ ರಾತ್ರಿಯ 0.025 ಅಂಕವನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡರು.

ಮುಂದಿನ ವರ್ಷಗಳಲ್ಲಿ ಮೊದಲ ಬಾರಿ ಗೆದ್ದವರ ಸಾಲು ಬೆಳೆಯಿತು: 2013ರಲ್ಲಿ ಕೆರೊಲಿನಾ ಕ್ರೌನ್, 2016ರಲ್ಲಿ ಒಹಾಯೊದ ಕ್ಯಾಂಟನ್ ನಗರದ ಬ್ಲೂಕೋಟ್ಸ್, 2025ರಲ್ಲಿ ಬಾಸ್ಟನ್ ಕ್ರುಸೇಡರ್ಸ್. ಬಾಸ್ಟನ್ ತಂಡ ಹುಟ್ಟಿದ್ದು 1940ರಲ್ಲಿ. ಸಂಸ್ಥೆಯ ಸ್ಥಾಪಕರಲ್ಲಿ ಒಂದಾಗಿದ್ದರೂ 1999ರವರೆಗೆ ಕೊನೆಯ ಹನ್ನೆರಡಕ್ಕೇ ಬಂದಿರಲಿಲ್ಲ. 2016ರಲ್ಲಿ ಹನ್ನೆರಡನೆಯದಾಗಿದ್ದ ತಂಡ, ಅನುಭವಿ ವಿನ್ಯಾಸಕಾರರು ಸೇರಿದ ಮೇಲೆ 2017ರಲ್ಲಿ ಆರಕ್ಕೆ ಏರಿತು. ಗೆದ್ದ ಹೊತ್ತಿಗೆ ಅದು ಯಾವ ಅಳತೆಯಿಂದಲೂ ದುರ್ಬಲ ತಂಡವಾಗಿರಲಿಲ್ಲ. ಸ್ಟಾರ್‌ಗೆ ಸಿಗದ ಹಾರೈಕೆ ಬಾಸ್ಟನ್‌ಗೆ ಸಿಕ್ಕಿದ್ದಕ್ಕೆ ಕಾರಣ ಎಂಬತ್ತೈದು ವರ್ಷಗಳ ಕಾಯುವಿಕೆ. ಬ್ಲೂಕೋಟ್ಸ್ 2024ರಲ್ಲಿ ಎರಡನೆಯ ಬಾರಿಯೂ ಗೆದ್ದಿರುವುದರಿಂದ ಅವರ ಪಾಲಿನ ಈ ರಿಯಾಯಿತಿ ಇನ್ನೆಷ್ಟು ದಿನವೋ.

ಇತ್ತ ನೆಲವೇ ಕುಸಿಯುತ್ತಿದೆ. ಏಳು ಬಾರಿ ಗೆದ್ದ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಹಣಕಾಸಿನ ಮುಗ್ಗಟ್ಟಿನಿಂದ 2023ರಲ್ಲಿ ಸ್ಪರ್ಧಿಸಲೇ ಇಲ್ಲ. ಹತ್ತು ಪ್ರಶಸ್ತಿಗಳ ಕೆಡೆಟ್ಸ್ 2024ರಲ್ಲಿ ಶಾಶ್ವತವಾಗಿ ಮುಚ್ಚಿತು. ಎರಡು ಬಾರಿ ಗೆದ್ದ ಮ್ಯಾಡಿಸನ್ ಸ್ಕೌಟ್ಸ್ ಇತ್ತೀಚಿನ ಹಲವು ವರ್ಷ ಹನ್ನೆರಡರ ಹೊರಗೇ ಉಳಿದಿದೆ. ನಿಜವಾಗಿ ದುರ್ಬಲರ ಹೋರಾಟ ನಡೆಯುವುದು ಅಲ್ಲಿಯೇ, ಹನ್ನೆರಡು ಮತ್ತು ಹದಿಮೂರರ ನಡುವೆ. ವಯೋಮಿಂಗ್‌ನ ಟ್ರೂಪರ್ಸ್ ಹಣವಿಲ್ಲದೆ 2006ರಲ್ಲಿ ಮೈದಾನಕ್ಕಿಳಿಯಲಿಲ್ಲ, ಮರುವರ್ಷ ಹಿಂತಿರುಗಿ 2009ರಲ್ಲಿ, 1986ರ ನಂತರ ಮೊದಲ ಬಾರಿಗೆ, ಕೊನೆಯ ರಾತ್ರಿಯ ಹನ್ನೆರಡರೊಳಗೆ ಬಂತು. ಆ ವರ್ಷ ಗೆದ್ದದ್ದು ಬ್ಲೂ ಡೆವಿಲ್ಸ್.