ಸಂಜೆ ಏಳರ ಗೆರೆ ಮತ್ತು ನಮ್ಮ ಸೀಮೆಯ ಮಹಿಳಾ ಎಂಜಿನಿಯರ್‌ಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳು ಈಗ ಅಪರೂಪವೇನಲ್ಲ. ಓದು ಮುಗಿಯುತ್ತಿದ್ದಂತೆ ಅನೇಕರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕಂಪ್ಯೂಟರ್ ಸೈನ್ಸ್‌ನವರು ಹೋಗುವುದು ಸಹಜ, ಆದರೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮಾಡಿದವರೂ ಹೋಗುತ್ತಾರೆ. ಶಕ್ತಿನಗರದಲ್ಲೊಂದು, ಕುಡತಿನಿಯಲ್ಲೊಂದು ಉಷ್ಣ ವಿದ್ಯುತ್ ಸ್ಥಾವರ. ತೋರಣಗಲ್ಲಿನಲ್ಲಿ ಉಕ್ಕು, ದೋಣಿಮಲೈಯಲ್ಲಿ ಅದಿರು, ಹಟ್ಟಿಯಲ್ಲಿ ಚಿನ್ನ. ಕೋರ್ ಕೆಲಸ, ಅಂದರೆ ಓದಿದ ಎಂಜಿನಿಯರಿಂಗ್‌ನದೇ ಕೆಲಸ, ಎನ್ನುವುದೆಲ್ಲ ಇಲ್ಲೇ ಇದ್ದೂ ಯಾಕೆ ಹೀಗೆ ಎಂದು ಕೇಳಿದರೆ, ‘ಹುಡುಗೇರಿಗೆ ಆ ಕಡೆ ಆಸಕ್ತಿ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆಸಕ್ತಿಯ ಮಾತು ಬರುವ ಮೊದಲೇ, ಸಂಜೆ ಏಳರ ನಂತರ ಕಾರ್ಖಾನೆ, ಗಣಿಗಳಲ್ಲಿ ಹೆಣ್ಣುಮಕ್ಕಳು ದುಡಿಯಬಾರದೆಂಬ ಕಾನೂನು ಅವರನ್ನು ಗೇಟಿನ ಹೊರಗೆ ನಿಲ್ಲಿಸಿತ್ತು, ಅದೂ ದಶಕಗಟ್ಟಲೆ.

ಮೊದಲು ತುಂಗಭದ್ರೆಯ ಕಾಲಕ್ಕೆ ಹೋಗೋಣ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ರಾಯಚೂರು–ಕೊಪ್ಪಳ ನಿಜಾಮರ ಹೈದರಾಬಾದಿಗೆ. ಎರಡೂ ಸರ್ಕಾರಗಳು ಸೇರಿ 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. ಅದಕ್ಕೆ ಸ್ವಲ್ಪ ಮೊದಲಷ್ಟೇ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಿಂದ ಎ. ಲಲಿತಾ, ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸ್ಯಾ ಎಂಬ ಮೂವರು ಓದು ಮುಗಿಸಿ ಹೊರಬಂದಿದ್ದರು. ದೇಶದ ಮೊದಲ ಮಹಿಳಾ ಎಂಜಿನಿಯರ್‌ಗಳ ಸಾಲಿನಲ್ಲಿ ನಿಲ್ಲುವ ಹೆಸರುಗಳಿವು. ಲಲಿತಾ ಮುಂದೆ ಭಾಕ್ರಾ ನಂಗಲ್‌ನ ವಿದ್ಯುತ್ ಮಾರ್ಗಗಳ ವಿನ್ಯಾಸದಲ್ಲಿ ಕೆಲಸ ಮಾಡಿದರು, ತ್ರೇಸ್ಯಾ ಕೇರಳದ ಲೋಕೋಪಯೋಗಿ ಇಲಾಖೆಯ ಚೀಫ್ ಎಂಜಿನಿಯರ್ ಆದರು. ಇತ್ತ ತುಂಗಭದ್ರೆಯ ಕಲ್ಲಿನ ಗೋಡೆ ಸುಣ್ಣ–ಸುರ್ಕಿ (ಇಟ್ಟಿಗೆ ಪುಡಿ) ಗಾರೆಯಲ್ಲಿ ಎದ್ದು ನಿಂತಿತು. ಆ ಗಾರೆ, ಆ ಕಲ್ಲು ಹೊತ್ತವರಲ್ಲಿ ಹೆಣ್ಣುಮಕ್ಕಳೂ ಇದ್ದರು. ನಮ್ಮ ಸೀಮೆಯಲ್ಲಿ ಹೆಣ್ಣಿನ ದುಡಿಮೆಗೆ ಯಾವತ್ತೂ ತಡೆ ಇರಲಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಯಂತ್ರ ಬರುವ ಮೊದಲು ಉರಿಬಿಸಿಲಿನಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದವರಲ್ಲಿ ಹೆಂಗಸರು ಎಷ್ಟೊಂದು ಮಂದಿ! ಹಗಲಿನ ಹೊರೆಕೆಲಸಕ್ಕೆ ಕರೆಯುವವರು ಇದ್ದರು, ಹೊಣೆ ಹೊರುವ ಹುದ್ದೆಗೆ ಕರೆಯುವವರು ಇರಲಿಲ್ಲ.

1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್, ಬೆಳಿಗ್ಗೆ ಆರರಿಂದ ಸಂಜೆ ಏಳರ ಹೊರಗೆ ಮಹಿಳೆಯರಿಂದ ಕಾರ್ಖಾನೆಯಲ್ಲಿ ಕೆಲಸ ಮಾಡಿಸಬಾರದು ಎಂದಿತು. ರಾಜ್ಯ ಸರ್ಕಾರ ಈ ವೇಳೆಯನ್ನು ಅಷ್ಟಿಷ್ಟು ಹಿಂದೆಮುಂದೆ ಮಾಡಬಹುದಿತ್ತು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ ಯಾವ ಕಾರಣಕ್ಕೂ ಇಲ್ಲ. ಅದೇ ಕಾಯ್ದೆಯ 64ನೇ ಸೆಕ್ಷನ್ ಮೇಲ್ವಿಚಾರಕರಿಗೆ, ಮ್ಯಾನೇಜರುಗಳಿಗೆ ಕೆಲಸದ ವೇಳೆಯ ನಿಯಮಗಳಿಂದ ವಿನಾಯಿತಿ ಕೊಡಲು ದಾರಿ ಮಾಡಿತು, ಆದರೆ ಮಹಿಳೆಯರ ರಾತ್ರಿ ನಿರ್ಬಂಧವನ್ನು ಹೆಸರಿಸಿಯೇ ಆ ವಿನಾಯಿತಿಯಿಂದ ಹೊರಗಿಟ್ಟಿತು. ಎಂಜಿನಿಯರ್ ಆಗಿದ್ದರೂ, ಮೇಲ್ವಿಚಾರಕಿಯಾಗಿದ್ದರೂ ಗೆರೆ ಅದೇ.

ಈ ಗೆರೆ ನಮ್ಮಲ್ಲಿ ಎಷ್ಟು ಆಳಕ್ಕೆ ಕೊಯ್ಯಿತು ಎಂಬುದು ಶಿಫ್ಟ್ ಪದ್ಧತಿ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ಬಾಯ್ಲರನ್ನಾಗಲಿ ಊದುಕುಲುಮೆಯನ್ನಾಗಲಿ ಸಂಜೆ ಆರಿಸಿ ಮನೆಗೆ ಹೋಗಲು ಬರುವುದಿಲ್ಲ. ಆರರಿಂದ ಎರಡು ಎ ಶಿಫ್ಟ್, ಎರಡರಿಂದ ಹತ್ತು ಬಿ, ಹತ್ತರಿಂದ ಆರು ಸಿ. ವಾರ ವಾರ ಬದಲಾಗುವ ಈ ಸರದಿಯಲ್ಲಿ ಸರ್ಕಾರ ವೇಳೆ ಸಡಿಲಿಸದ ಹೊರತು ಹೆಣ್ಣಿಗೆ ಕಾನೂನುಬದ್ಧವಾಗಿ ದಕ್ಕುತ್ತಿದ್ದುದು ಎ ಒಂದೇ. ಬಿ ಶಿಫ್ಟಿಗೆ ಬಂದರೆ ಏಳಕ್ಕೆ ನಡುವೆಯೇ ಎದ್ದು ಹೊರಡಬೇಕಿತ್ತು. ಅಂಥವರನ್ನು ಸರದಿಗೆ ಹಾಕುವುದು ಹೇಗೆ? ಹಾಗಾಗಿ ಅವರಿಗೆ ಸಿಕ್ಕಿದ್ದು ಹಗಲಿನ ಜನರಲ್ ಶಿಫ್ಟ್: ಪ್ಲಾನಿಂಗ್, ಸ್ಟೋರ್ಸ್, ಲ್ಯಾಬ್, ಡ್ರಾಯಿಂಗ್ ಆಫೀಸು.

ರಾಯಚೂರು ಸ್ಥಾವರದ ಮೊದಲ ಘಟಕ ಚಾಲೂ ಆದದ್ದು 1985ರಲ್ಲಿ. ಎಂಟು ಘಟಕಗಳಾಗಿ ಅದು 1,720 ಮೆಗಾವಾಟ್‌ಗೆ ಬೆಳೆಯಿತು. ಇಂಥ ಸ್ಥಾವರದಲ್ಲಿ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಕಂಟ್ರೋಲ್ ರೂಮಿಗೆ ಹೋಗಿ ನಿಂತರೆ ವೃತ್ತಿ ಎಲ್ಲಿ ಬೆಳೆಯುತ್ತದೆಂದು ಗೊತ್ತಾಗುತ್ತದೆ. ಹೋಗುವವರು ಲಾಗ್‌ಬುಕ್ ತೆರೆದಿಟ್ಟು ಬರುವವರಿಗೆ ಒಪ್ಪಿಸುತ್ತಾರೆ: ಕಲ್ಲಿದ್ದಲು ಪುಡಿ ಮಾಡುವ ಯಾವ ಮಿಲ್ ನಿಂತಿದೆ, ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ಯಾಕೆ ಅಲುಗಾಡುತ್ತಿದೆ, ಹಸಿ ಕಲ್ಲಿದ್ದಲು ಬಂದು ಅದನ್ನು ತುಂಬಿಡುವ ಯಾವ ಬಂಕರ್ ಕಟ್ಟಿಕೊಂಡಿದೆ. ನಡುರಾತ್ರಿ ಘಟಕ ಟ್ರಿಪ್ ಆಗಿ ಹಠಾತ್ತನೆ ನಿಂತಾಗ ಮತ್ತೆ ಎಬ್ಬಿಸಿದ ಅನುಭವವೇ ಮುಂದೆ ಶಿಫ್ಟ್ ಇನ್‌ಚಾರ್ಜ್ ಆಗಲು, ಆಪರೇಷನ್ ವಿಭಾಗ ನಡೆಸಲು ಬಂಡವಾಳ. ಬಾಯ್ಲರ್ ಆಪರೇಷನ್ ಎಂಜಿನಿಯರ್ ಪರೀಕ್ಷೆಗೂ ಬಾಯ್ಲರ್ ನಡೆಸಿದ ವರ್ಷಗಳ ಲೆಕ್ಕ ಕೊಡಬೇಕು. ರಾತ್ರಿ ಇಲ್ಲದವರಿಗೆ ಆ ಏಣಿಯ ಕೆಳಗಿನ ಮೆಟ್ಟಿಲೇ ಇರಲಿಲ್ಲ.

ಗಣಿಯ ಕಥೆ ಇನ್ನೂ ಹಳೆಯದು. ಮಹಿಳೆಯರು ಭೂಮಿಯೊಳಗೆ ಕೆಲಸ ಮಾಡಬಾರದೆಂಬ ಅಂತರರಾಷ್ಟ್ರೀಯ ಒಡಂಬಡಿಕೆ 1935ರಲ್ಲಿ ಬಂತು. ಆಡಳಿತದ ಹುದ್ದೆಯಲ್ಲಿರುವ ಮಹಿಳೆಯರನ್ನು ದೇಶಗಳು ಬೇಕಾದರೆ ಬಿಡಬಹುದು ಎಂದು ಅದರಲ್ಲೇ ಇತ್ತು. ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ ಬ್ರಿಟಿಷ್ ಸರ್ಕಾರ 1943ರಲ್ಲಿ ಆ ನಿಷೇಧವನ್ನು ಸಡಿಲಿಸಿ ಹೆಂಗಸರನ್ನು ಗಣಿಯೊಳಗೆ ಇಳಿಸಿತು, 1946ರಲ್ಲಿ ಮತ್ತೆ ಹೊರಗೆ ಕಳಿಸಿತು. ರಕ್ಷಣೆಯ ಹೆಸರಿನಲ್ಲಿ ಮಾಡಿದ್ದೆಲ್ಲ ರಕ್ಷಣೆಗಾಗಿಯೇ ಆಗಿರಲಿಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಕೇ? 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್, ಭೂಮಿಯೊಳಗೆ ಯಾವ ಮಹಿಳೆಯೂ ಇಲ್ಲ, ಮೇಲೆ ಆರರಿಂದ ಏಳು ಮಾತ್ರ ಎಂದು ಬರೆದುಬಿಟ್ಟಿತು. ಭೂಗರ್ಭದ ಅನುಭವವಿಲ್ಲದೆ ಗಣಿ ಮ್ಯಾನೇಜರ್‌ನ ಪೂರ್ಣ ಪ್ರಮಾಣಪತ್ರ ಸಿಗದು, ತೆರೆದ ಗಣಿಗಷ್ಟೇ ಸೀಮಿತವಾದದ್ದು ಸಿಕ್ಕೀತು. ದೋಣಿಮಲೈಯಂಥ ತೆರೆದ ಗಣಿಗೆ ಹಗಲು ಹೋಗಬಹುದಿತ್ತು. ಹಟ್ಟಿಯ ಶಾಫ್ಟ್ (ಭೂಗತ ಗಣಿಗೆ ಇಳಿಯುವ ಬಾವಿ) ಇಳಿದು ಕೆಲಸ ಮಾಡುವ ಮಾತೇ ಇರಲಿಲ್ಲ.

ಅಷ್ಟರಲ್ಲಿ 1980ರ ಆಸುಪಾಸಿನಲ್ಲಿ ಬಳ್ಳಾರಿ, ರಾಯಚೂರಿಗೆ ಖಾಸಗಿ ಎಂಜಿನಿಯರಿಂಗ್ ಕಾಲೇಜು ಬಂದವು. ಅದಕ್ಕೆ ಮುಂಚೆ ಕಲಬುರಗಿಗೋ ಹುಬ್ಬಳ್ಳಿಗೋ ಹೋಗಬೇಕಿತ್ತು. ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ‘ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ’ ಎಂದ ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತು ಕಂಡು 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದದ್ದನ್ನು ಉತ್ತರ ಕರ್ನಾಟಕದ ಮನೆಮನೆಯಲ್ಲೂ ಹೇಳುತ್ತಾರೆ. ಓದುವ ಬಾಗಿಲು ಹೀಗೆ ತೆರೆಯುತ್ತ ಹೋಯಿತು. 2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರ ಐಟಿ ಕಂಪನಿಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೂ ಅನುಮತಿ ಕೊಟ್ಟಿತು. ಕಾರ್ಖಾನೆಗಳಿಗೆ ಅಂಥ ಅನುಮತಿ ಸಿಗಲು 2019ರ ನವೆಂಬರ್ ಆಗಬೇಕಾಯಿತು. ನಡುವಿನ ಆ ಒಂದೂವರೆ ದಶಕದಲ್ಲೇ ‘ಹುಡುಗಿಯಾದರೆ ಸಿಎಸ್ ತಗೊ’ ಎಂಬುದು ನಮ್ಮ ಮನೆಗಳಲ್ಲಿ ನಿಯಮದಂತಾದದ್ದು. ತಂದೆತಾಯಿಗಳದ್ದು ಹಿಂಜರಿಕೆ ಎನ್ನುವುದಕ್ಕಿಂತ, ಕಾನೂನು ಎಲ್ಲಿ ದಾರಿ ಬಿಟ್ಟಿತ್ತೋ ಅಲ್ಲಿಗೆ ಮಗಳನ್ನು ಕಳಿಸಿದರು ಎನ್ನುವುದೇ ನ್ಯಾಯ.

ನೀರಾವರಿಯಂಥ ಸರ್ಕಾರಿ ಇಲಾಖೆಗೆ ಏಳು ಗಂಟೆಯ ಗೆರೆ ಇರಲಿಲ್ಲ. ಹಾಗೆಂದು ಅಲ್ಲಿನ ಕೆಲಸವೇನು ಹಗುರವಲ್ಲ, ರಾತ್ರಿಯೂ ಬಿಡುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ 104ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಬಿದ್ದಿತೆಂದರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ರಸ್ತೆಗೆ ಇಳಿಯುತ್ತಾರೆ. ಮೇಲ್ಭಾಗದಲ್ಲಿ ರಾತ್ರಿ ನೀರೆತ್ತುವ ಪಂಪುಗಳನ್ನು ತಡೆಯಲು ಕಾಲುವೆಗುಂಟ ಗಸ್ತು ತಿರುಗಬೇಕು, ಇಂಚಿಂಚು ಗೇಜಿಗೂ ಜಗಳ ಎದುರಿಸಬೇಕು. ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾದದ್ದೂ 2024ರ ಆಗಸ್ಟ್ 10ರ ರಾತ್ರಿಯೇ.

ಬದಲಾವಣೆ ಬಂದದ್ದು ಬೇಗಬೇಗ. 2019ರ ಆರಂಭದಲ್ಲಿ ಕೇಂದ್ರದ ಅಧಿಸೂಚನೆ ಗಣಿಯನ್ನು ತೆರೆಯಿತು: ತೆರೆದ ಗಣಿಯಲ್ಲಿ ರಾತ್ರಿಯೂ ಸರಿ, ಭೂಮಿಯೊಳಗೆ ಹಗಲು ಹೊತ್ತು ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಕೆಲಸಕ್ಕೆ ಸರಿ, ಲಿಖಿತ ಒಪ್ಪಿಗೆ ಇರಬೇಕು, ಮೂವರಿಗಿಂತ ಕಡಿಮೆ ಇರಬಾರದು. 2021ರಲ್ಲಿ ಜಾರ್ಖಂಡಿನ ಚೂರಿ ಭೂಗತ ಕಲ್ಲಿದ್ದಲು ಗಣಿಯಲ್ಲಿ ಆಕಾಂಕ್ಷಾ ಕುಮಾರಿ ಎಂಜಿನಿಯರ್ ಆಗಿ ಸೇರಿದರು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಯನ್ನೇ ತಿದ್ದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತಿನ ಮೇಲೆ ಎಲ್ಲ ಬಗೆಯ ಕೆಲಸ, ಎಲ್ಲ ವೇಳೆಯೂ ತೆರೆದಿದೆ.

ಗಣಿಗೆ 2019ರಲ್ಲಿ ಹಾಕಿದ ಮೂವರ ಷರತ್ತನ್ನು ಮಾತ್ರ ನಾನು ಮತ್ತೆ ಮತ್ತೆ ಓದುತ್ತೇನೆ. ಭಯ ತಪ್ಪಿಸುವ ಉದ್ದೇಶ ಒಳ್ಳೆಯದೇ. ಆದರೆ ಒಬ್ಬಳನ್ನೇ ನೇಮಿಸಿಕೊಂಡ ಗಣಿಯಲ್ಲಿ ಅವಳು ಇಳಿಯುವುದು ಯಾರ ಜೊತೆ? ಮೊದಲ ನೇಮಕದಲ್ಲೇ ಮೂರು ಜನರನ್ನು ತೆಗೆದುಕೊಳ್ಳದಿದ್ದರೆ ಅನುಮತಿ ಕಾಗದದಲ್ಲೇ ಉಳಿಯುತ್ತದೆ. ಶಿಫ್ಟ್ ಬಸ್ಸು ಹಳ್ಳಿಯ ಕ್ರಾಸಿನವರೆಗೆ ಬರಬೇಕು, ಕೆಲಸದ ಜಾಗದಲ್ಲೇ ಶೌಚಾಲಯ ಬೇಕು. ಇತ್ತ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371-ಜೆ ಪ್ರಮಾಣಪತ್ರ ಹಿಡಿದು ಸಿಇಟಿ ಆಪ್ಷನ್ ಎಂಟ್ರಿಗೆ ಕೂರುವ ಹುಡುಗಿಗೆ ಈ ತಿದ್ದುಪಡಿಗಳ ಸುದ್ದಿ ಹೇಳುವವರು ಕಡಿಮೆ. ಮೆಕ್ಯಾನಿಕಲ್ ಬೇಡ, ಮೈನಿಂಗ್ ಅಂತೂ ಬೇಡವೇ ಬೇಡ ಎಂದು ಅವಳಿಗೆ ಈಗಲೂ ಸಿಗುವ ಸಲಹೆ, ರದ್ದಾದ ಕಾನೂನನ್ನು ನಂಬಿ ಕೊಟ್ಟದ್ದು.