ಸುತ್ತಿಗೆಯಲ್ಲಿ ಕುಟ್ಟಿದರು, ಸ್ಕ್ಯಾನ್ ಬರೆಯಲಿಲ್ಲ. ಇಷ್ಟು ಸಾಕಾ?

ಪ್ರಶ್ನೆ: ಅಮ್ಮನಿಗೆ 63 ವರ್ಷ, ಶುಗರ್ ಉಂಟು. ಕೆಲವು ತಿಂಗಳಿಂದ ಎರಡೂ ಪಾದ ಜುಮುಜುಮು ಅನ್ನುತ್ತದಂತೆ. ಉಡುಪಿಯಿಂದ ಮಂಗಳೂರಿಗೆ ಕರೆದುಕೊಂಡು ಹೋಗಿ ನರದ ಡಾಕ್ಟರಿಗೆ ತೋರಿಸಿದೆವು. ಮೊಣಕಾಲಿಗೆ ಸುತ್ತಿಗೆಯಲ್ಲಿ ಕುಟ್ಟಿದರು, ಅಂಗಾಲಿಗೆ ಕೀಯಲ್ಲಿ ಗೀರಿದರು, ಸ್ವಲ್ಪ ನಡೆಸಿದರು, ರಕ್ತಪರೀಕ್ಷೆ ಬರೆದರು. ತಲೆಗೆ ಎಂಆರ್‌ಐ ಈಗ ಬೇಡವಂತೆ. ಸರಿಯಾಗಿ ನೋಡಿದ್ದಾರಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಸರಿಯಾಗಿಯೇ ನೋಡಿದ್ದಾರೆ ಮಾರಾಯ್ರೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಲೈನ್‌ಮ್ಯಾನ್ ಮೊದಲು ಏನು ಕೇಳುತ್ತಾನೆ? ಪಕ್ಕದ ಮನೆಯಲ್ಲಿ ಉಂಟಾ ಅಂತ. ಹಾಗೆಯೇ ತೊಂದರೆ ಮಿದುಳಿನಲ್ಲೋ, ಬೆನ್ನುಹುರಿಯಲ್ಲೋ, ಕಾಲಿನ ನರದಲ್ಲೋ ಅಂತ ಹುಡುಕುವುದೇ ಈ ಕುಟ್ಟುವ, ಗೀರುವ ಕೆಲಸ. ಜಾಗ ಗೊತ್ತಾದ ಮೇಲೆ ತಾನೇ ಎಲ್ಲಿ ಸ್ಕ್ಯಾನ್ ಮಾಡಬೇಕು ಅನ್ನುವ ಮಾತು?

ಪರೀಕ್ಷೆ ಬಾಗಿಲಲ್ಲೇ ಶುರುವಾಗಿರುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದರಾ, ನಡೆಯುವಾಗ ಎರಡೂ ಕೈ ಬೀಸುತ್ತದಾ, ಪಾದ ಎತ್ತಿ ಇಡುತ್ತಾರಾ ಇಲ್ಲ ಎಳೆಯುತ್ತಾರಾ ಅಂತ ಡಾಕ್ಟರು ನೋಡಿ ಆಗಿರುತ್ತದೆ. ಮಾತಾಡಿಸುವುದೂ ಸುಮ್ನೆ ಅಲ್ಲ. ಇದು ಯಾವ ತಿಂಗಳು ಅಂತ ಕೇಳಿದಾಗ ನಮ್ಮ ಕಡೆಯ ಅಜ್ಜಿ ತುಳು ತಿಂಗಳ ಹೆಸರು ಹೇಳಿ ‘ಆಟಿ’ ಅಂದರೆ ಅದು ಸರಿ ಉತ್ತರವೇ, ಜುಲೈ ಅನ್ನಲಿಲ್ಲ ಅಂತ ಮರೆವು ಎಂದು ಬರೆದರೆ ತಪ್ಪು ಡಾಕ್ಟರದ್ದು. ತುಳುವೋ ಕೊಂಕಣಿಯೋ ಬ್ಯಾರಿಯೋ, ಮನೆಮಾತಿನಲ್ಲೇ ಕೇಳಬೇಕು. ಆಮೇಲೆ ಕಣ್ಣಿಗೆ ಟಾರ್ಚ್, ಹಲ್ಲು ತೋರಿಸಿ, ನಾಲಿಗೆ ಚಾಚಿ, ಭುಜ ಎತ್ತಿ. ತಲೆಯಿಂದ ಹೊರಡುವ 12 ಜೊತೆ ನರಗಳ ಲೆಕ್ಕ ಅದು. ಕೈಕಾಲಿನ ಬಲಕ್ಕೆ 0ರಿಂದ 5ರವರೆಗೆ ಅಂಕ ಕೊಡುತ್ತಾರೆ.

ಇನ್ನು ಸುತ್ತಿಗೆ. ಮಂಡಿಚಿಪ್ಪಿನ ಕೆಳಗಿನ ದಾರದಂಥ ಸ್ನಾಯುರಜ್ಜುವಿಗೆ ಪೆಟ್ಟು ಬಿದ್ದರೆ ತೊಡೆಯ ಸ್ನಾಯು ಒಮ್ಮೆ ಎಳೆದ ಹಾಗಾಗುತ್ತದೆ, ಆ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ವಾಪಸ್ ಬರುತ್ತದೆ, ಕಾಲು ಚಿಮ್ಮುತ್ತದೆ. ಮಿದುಳನ್ನು ಕೇಳುವುದೇ ಇಲ್ಲ. ಆದರೆ ಮೇಲಿಂದ ಮಿದುಳು ಸದಾ ಸ್ವಲ್ಪ ಲಗಾಮು ಹಿಡಿದಿರುತ್ತದೆ. ಅದು ತಪ್ಪಿದರೆ ಕಾಲು ಜೋರಾಗಿ ಚಿಮ್ಮುತ್ತದೆ. ಕಾಲಿನ ನರವೇ ಹಾಳಾಗಿದ್ದರೆ ಚಿಮ್ಮುವುದು ಕಡಿಮೆ, ಅಥವಾ ಇಲ್ಲವೇ ಇಲ್ಲ. ಶುಗರಿನವರಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹಿಮ್ಮಡಿಯ ಹತ್ತಿರ ಕುಟ್ಟಿದಾಗ ಬರುವ ಚಿಮ್ಮು. ‘ಎರಡೂ ಕೈ ಬೆರಳು ಕೊಕ್ಕೆ ಹಾಕಿ ಎಳೀರಿ’ ಅಂತ ಹೇಳಿ ಮತ್ತೊಮ್ಮೆ ಕುಟ್ಟಿದರಾ? ಅಡಗಿದ್ದ ಚಿಮ್ಮು ಹಾಗೆ ಹೊರಗೆ ಬರುತ್ತದೆ. (ನಾನು ವಿದ್ಯಾರ್ಥಿಯಾಗಿದ್ದಾಗ ಮೂಳೆಗೇ ಕುಟ್ಟಿ ‘ಚಿಮ್ಮುತ್ತಿಲ್ಲ ಸರ್’ ಅಂದಿದ್ದೆ. ಆ ರೋಗಿ ನೋಡಿದ ನೋಟ ಇನ್ನೂ ನೆನಪುಂಟು.)

ಅಂಗಾಲಿಗೆ ಗೀರುವುದನ್ನು 1896ರಲ್ಲಿ ಪ್ಯಾರಿಸ್‌ನ ಬಾಬಿನ್ಸ್ಕಿ ವಿವರಿಸಿದ್ದು. ದೊಡ್ಡವರಲ್ಲಿ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲೆ ಎದ್ದರೆ ಮಿದುಳಿಂದಲೋ ಬೆನ್ನುಹುರಿಯಿಂದಲೋ ಬರುವ ದಾರಿಯಲ್ಲಿ ತೊಂದರೆ ಅಂತ ಅನುಮಾನ. ಸಣ್ಣ ಮಗುವಿಗೆ ಮೇಲೆ ಎದ್ದರೆ ಹೆದರಬೇಡಿ, ಅದು ಸಹಜ.

ಇನ್ನೊಂದನ್ನೂ ಮಾಡಿರಬಹುದು, ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವುದು. ಪಾದ ನೆಲದ ಸುದ್ದಿ ಕೊಡದಿದ್ದಾಗ ನಾವು ಕಣ್ಣಿನ ಭರವಸೆಯಲ್ಲೇ ನಿಂತಿರುತ್ತೇವೆ, ಮುಚ್ಚಿದ ಕೂಡಲೇ ವಾಲುತ್ತೇವೆ. ಮನೆಯಲ್ಲಿ ಇದು ಗೊತ್ತಾಗುವುದು ಬಚ್ಚಲಲ್ಲಿ, ಅಮ್ಮ ತಲೆಗೆ ನೀರು ಹೊಯ್ದುಕೊಂಡು ಕಣ್ಣು ಮುಚ್ಚಿದಾಗ. ಗೋಡೆ ಹಿಡಿಯುತ್ತಾರಾ ಅಂತ ಕೇಳಿ ನೋಡಿ. ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಮೂಳೆಗೆ ಇಡುವುದೂ ಇದೇ ನರಗಳನ್ನು ನೋಡಲಿಕ್ಕೆ.

ಎರಡೂ ಪಾದ ಒಟ್ಟಿಗೆ, ಅದೂ ತುದಿಯಿಂದ ಶುರುವಾಗಿದ್ದರೆ ಮಿದುಳಿನ ಮೇಲೆ ಅನುಮಾನ ಕಡಿಮೆ. ಅದಕ್ಕೇ ಶುಗರ್, ವಿಟಮಿನ್ ಬಿ12, ಥೈರಾಯ್ಡ್ ಅಂತ ರಕ್ತಪರೀಕ್ಷೆ ಬರೆಯುವುದು. ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ನುಂಗುವವರಿಗೆ ಬಿ12 ಇಳಿಯಬಹುದು, ಮೀನು ಮೊಟ್ಟೆ ತಿನ್ನದ ಮನೆಯಾದರೆ ಆ ಸಾಧ್ಯತೆ ಇನ್ನೂ ಜಾಸ್ತಿ. ಆ ರಿಪೋರ್ಟ್ ತೋರಿಸದೆ ಇರಬೇಡಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು, ಇದರಲ್ಲಿ ಒಂದಾದರೂ ದಿಢೀರ್ ಆದರೆ ಕತೆ ಬೇರೆ, ಅದು ಪಾರ್ಶ್ವವಾಯು (ಸ್ಟ್ರೋಕ್) ಇರಬಹುದು. ಆಗ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು, ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಸಿಗುವುದು ತೊಂದರೆ ಶುರುವಾದಲ್ಲಿಂದ ನಾಲ್ಕೂವರೆ ಗಂಟೆ.

ಮುಂದಿನ ಸಲ ಹೋಗುವಾಗ ಡಾಕ್ಟರಿಗೆ ಒಂದು ಹೇಳಿ: ಹವಾಯಿ ಚಪ್ಪಲಿ ಕಾಲಿಂದ ಜಾರಿ ಬಿದ್ದದ್ದು ಅಮ್ಮನಿಗೆ ಗೊತ್ತಾಗುತ್ತದಾ, ಇಲ್ವಾ.