ಪದ ಪರಿಚಯ: ಸ್ಟಾಪ್ ಲೈನ್

ಗೆರೆ ತುಳಿದರೆ ಔಟ್ ಎನ್ನುವುದು ಕುಂಟೆಬಿಲ್ಲೆ ಆಡಿದವರಿಗೆಲ್ಲ ಗೊತ್ತು. ಸ್ಟಾಪ್ ಲೈನಿನ ನಿಯಮವೂ ಅಷ್ಟೇ ಸರಳ. ಸಿಗ್ನಲ್ಲಿನಲ್ಲಿ ಜೀಬ್ರಾ ಪಟ್ಟೆಗಳಿಗಿಂತ ತುಸು ಹಿಂದೆ, ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಗೆರೆ ಅದು. ಕೆಂಪು ದೀಪ ಇರುವಷ್ಟು ಹೊತ್ತು ಗಾಡಿಯ ಯಾವ ಭಾಗವೂ ಅದರಾಚೆ ಚಾಚಿರಬಾರದು. ಚಕ್ರ ಹಿಂದಿದ್ದು ಬಂಪರ್ ಮುಂದಿದ್ದರೂ ತಪ್ಪೇ.

ಪಟ್ಟೆಗೆ ತಾಗಿಕೊಂಡೇ ನಿಲ್ಲಬಹುದಲ್ಲ, ಇಷ್ಟು ಜಾಗ ಖಾಲಿ ಬಿಡುವುದೇಕೆ? ಲಾರಿಯ ಡ್ರೈವರ್ ಸೀಟಿನಲ್ಲಿ ಒಮ್ಮೆ ಕೂತರೆ ಉತ್ತರ ಸಿಗುತ್ತದೆ. ಅಷ್ಟೆತ್ತರದಿಂದ, ಗಾಡಿಯ ಮೂತಿಗೆ ಅಂಟಿದಂತೆ ನಡೆದುಹೋಗುವ ಮಗು ಕಾಣುವುದೇ ಇಲ್ಲ. ನಾಲ್ಕು ಹೆಜ್ಜೆ ದೂರವಿದ್ದರೆ ಕಾಣುತ್ತದೆ.

ಬೆಂಗಳೂರಿನಲ್ಲಿ ಆ ಖಾಲಿ ಜಾಗಕ್ಕೆ ಒಂದು ಬೈಕು ಬಂದು ನಿಂತರೆ ಸಾಕು, ಹಿಂದೆಯೇ ಹತ್ತು ಬರುತ್ತವೆ, ಪಟ್ಟೆಗಳೂ ಮುಚ್ಚಿಹೋಗುತ್ತವೆ. ಆಗ ಕೈಚೀಲ ಹಿಡಿದ ಅಜ್ಜಿ ಆ ಸಾಲನ್ನು ಬಳಸಿಕೊಂಡು ಸರ್ಕಲ್ಲಿನ ನಡುವಿಗೇ ಇಳಿಯಬೇಕು, ಪಕ್ಕದ ರಸ್ತೆಯಿಂದ ತಿರುಗಿ ಬರುವ ಗಾಡಿಗಳ ಎದುರಿಗೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ವೀಲ್‌ಚೇರಿನಲ್ಲಿ ಇರುವವರಿಗಂತೂ ಹಾಗೆ ಬಳಸಿ ಹೋಗಲು ದಾರಿಯೇ ಇರುವುದಿಲ್ಲ. ಬ್ರಿಟನ್ನಿನಲ್ಲಿ 1951ರಲ್ಲಿ ಜೀಬ್ರಾ ಪಟ್ಟೆ ಕಾನೂನಿನೊಳಗೆ ಬಂದದ್ದೇ ನಡೆಯುವವರಿಗೆ ಮೊದಲ ಹಕ್ಕು ಕೊಡಲು. ಸಿಗ್ನಲ್ ಇಲ್ಲದ ಪಟ್ಟೆಯ ಬಳಿ ವೇಗ ತಗ್ಗಿಸಿ, ನಿಂತು, ದಾರಿ ಬಿಡಬೇಕೆಂದು ನಮ್ಮ 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಹೇಳುತ್ತವೆ.

ಸೈಕಲ್ ಸವಾರರಿಗೆ ಈ ಗೆರೆ ಇನ್ನೊಂದು ಬಗೆಯಲ್ಲಿ ಮುಖ್ಯ. ನೆದರ್‌ಲ್ಯಾಂಡ್ಸ್, ಬ್ರಿಟನ್ನುಗಳ ಎಷ್ಟೋ ಸಿಗ್ನಲ್ಲುಗಳಲ್ಲಿ ಸ್ಟಾಪ್ ಲೈನ್ ಎರಡಿರುತ್ತವೆ: ಹಿಂದಿನದು ಮೋಟಾರು ಗಾಡಿಗಳಿಗೆ, ಮುಂದಿನದು ಸೈಕಲ್ಲುಗಳಿಗೆ. ನಡುವಿನ ಚೌಕದಲ್ಲಿ ಸೈಕಲ್ ಚಿತ್ರ. ಅಲ್ಲಿ ನಿಂತ ಸವಾರ ಎಲ್ಲ ಡ್ರೈವರುಗಳ ಕಣ್ಣೆದುರಿಗೇ ಇರುತ್ತಾನೆ. ಬ್ರಿಟನ್ನಿನಂತೆ ನಮ್ಮಲ್ಲೂ ಗಾಡಿಗಳು ಎಡಬದಿಯಲ್ಲೇ ಓಡುವುದರಿಂದ, ಎಡಕ್ಕೆ ತಿರುಗುವ ಬಸ್ಸಿನ ಪಕ್ಕ, ಕನ್ನಡಿಗೆ ಸಿಗದ ಮೂಲೆಯಲ್ಲಿ ನಿಂತ ಸೈಕಲ್ಲಿಗೆ ಅಪಾಯ ಹೆಚ್ಚು. ಇಂಥ ಚೌಕ ಇಲ್ಲದ ಕಡೆ ಬಸ್ಸಿನ ಎಡಕ್ಕೆ ನುಸುಳದೆ ಅದರ ಹಿಂದೆಯೇ ನಿಲ್ಲುವುದು ಕ್ಷೇಮ.

ರಸ್ತೆಯ ನಡುವೆ ಉದ್ದಕ್ಕೆ ಸಾಗುವ ಗೆರೆಗಳ ವಿಷಯ ಬೇಗ ಮುಗಿಯುತ್ತದೆ. ತುಂಡು ತುಂಡಾಗಿದ್ದರೆ ಎದುರು ಖಾಲಿಯಿದೆಯೇ ನೋಡಿ ದಾಟಬಹುದು, ಒಂದೇ ಸಮನೆ ಸಾಗಿದ್ದರೆ ದಾಟಬಾರದು. ಎರಡೂ ಜೊತೆಗಿದ್ದರೆ ನಮಗೆ ಹತ್ತಿರದ ಗೆರೆಯ ಮಾತು ಕೇಳಬೇಕು.

ಈ ಗೆರೆಗಳನ್ನು ಬರೆಯುವುದು ಹೆಚ್ಚಾಗಿ ಬಿಸಿ ಮಾಡಿ ಕರಗಿಸಿದ ಥರ್ಮೋಪ್ಲಾಸ್ಟಿಕ್‌ನಿಂದ. ಅದರಲ್ಲಿ ಸಣ್ಣ ಗಾಜಿನ ಮಣಿಗಳಿರುತ್ತವೆ. ರಾತ್ರಿ ಹೆಡ್‌ಲೈಟಿನ ಬೆಳಕನ್ನು ಅವು ಡ್ರೈವರಿನ ಕಡೆಗೇ ತಿರುಗಿಸುತ್ತವೆ. ಕೈಯಲ್ಲಿ ದೀಪವಿಲ್ಲದೆ ನಡೆಯುವವರಿಗೆ ಆ ಹೊಳಪು ಕಾಣುವುದಿಲ್ಲ. ಮಣಿಗಳು ಸವೆದರೆ, ಅದರಲ್ಲೂ ಮಳೆಯ ರಾತ್ರಿ, ಗೆರೆ ಯಾರಿಗೂ ಕಾಣುವುದಿಲ್ಲ.

ನಮ್ಮ ಬಡಾವಣೆಯ ಸಿಗ್ನಲ್ಲಿನಲ್ಲಿ ಹೊಸ ಟಾರು ಬಿದ್ದು ತಿಂಗಳುಗಳಾದರೂ ಗೆರೆ ಮರಳಿಲ್ಲ. ಹಾಗಿದ್ದಾಗ ಎಲ್ಲಿ ನಿಲ್ಲಬೇಕು? ಜೀಬ್ರಾ ಪಟ್ಟೆ ಉಳಿದಿದ್ದರೆ ಅದಕ್ಕಿಂತ ಹಿಂದೆ. ಅದೂ ಅಳಿಸಿದ್ದರೆ ಅಡ್ಡರಸ್ತೆ ಶುರುವಾಗುವ ಮೊದಲೇ, ಈ ಕಡೆಯ ಫುಟ್‌ಪಾತಿನಿಂದ ಆ ಕಡೆಯದಕ್ಕೆ ಜನ ದಾಟುವಷ್ಟು ಜಾಗ ಮುಂದೆ ಬಿಟ್ಟು.